ಕುದುರೆಗೆ ನಾಲ್ಕು ಗೀಟು

ಈಸೆಲ್ಲಿನ ಮೂರು ಕಾಲಿಗೂ ಮರಳಲ್ಲಿ ಗುಳಿ ತೋಡಿ
ನಡುವೆ ಹಗ್ಗದಲ್ಲೊಂದು ಕಲ್ಲು ತೂಗಿಬಿಟ್ಟು
ಗಾಳಿಗೆ ಹೇಳುತ್ತೇನೆ: ಇನ್ನು ನಿನ್ನ ಕೈಲಾದದ್ದು ಮಾಡು.
ಫ್ಲಾಂಡರ್ಸಿನ ಗಾಳಿ. ಅದಕ್ಕೆ ಮಾತು ಕೇಳಿ ಗೊತ್ತಿಲ್ಲ.
ಟೋಪಿಯನ್ನು ಗದ್ದಕ್ಕೆ ಬಿಗಿದ ಪಟ್ಟಿ
ಕೆನ್ನೆಗೆ ಪಟಪಟ ಬಡಿಯುತ್ತದೆ,
ತಂಗಿ ಗೊಡೆಲೀವ್ ಬೈದ ಹಾಗೆ: ಐವತ್ತೆಂಟಕ್ಕೆ ಇದೆಲ್ಲ ಬೇಕಿತ್ತೆ?

ಇಳಿತ ಅರ್ಧಕ್ಕೆ ಬಂದಿದೆ.
ನೀರು ಸರಿಯುತ್ತ ಬಿಟ್ಟುಹೋದ ತೆಳು ಹೊಳಪು ಇದೆಯಲ್ಲ,
ಅದೇ ನನಗೆ ಬೇಕಾದ್ದು.
ನೀರೂ ಅಲ್ಲ, ಮರಳೂ ಅಲ್ಲ;
ಆಕಾಶ ಕೆಳಗಿಳಿದು ಕಾಲೊರೆಸಿಕೊಂಡ ಚಾಪೆ.

ಕಪ್ಪಿನ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ.
ಕೈಗೆ ಸಿಕ್ಕರೆ ಹಚ್ಚಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು;
ಸೋಮಾರಿ ಕಣ್ಣಿಗೆ ನೆರಳೆಲ್ಲ ಕಪ್ಪೇ.
ಕಾದು ನೋಡಿದರೆ ಮಾತ್ರ ಅದು ನೇರಳೆ,
ಅಂಚಿಗೆ ಹಸಿರು, ಸ್ನಾನದ ಬಂಡಿಯ ಚಕ್ರದಡಿ
ಹಳೆಯ ಪೆಟ್ಟು ಮಾಯುವಾಗಿನ ಹಳದಿ.

ಬಿಳಿಗೆ ಎಣ್ಣೆ ಹೆಚ್ಚಾಯಿತು, ಜಾರುತ್ತಿದೆ.
ನೊರೆ ಕುಂಚಕ್ಕೆ ಬಗ್ಗುವುದಿಲ್ಲ;
ರೊಟ್ಟಿಗೆ ಬೆಣ್ಣೆ ಸವರಿದಂತೆ ಚೂರಿಯಲ್ಲಿ ಸವರಿ
ಕೈ ತೆಗೆಯಬೇಕು. ತೆಗೆಯುವುದೇ ಕಷ್ಟ.
ಇನ್ನೊಮ್ಮೆ ಮುಟ್ಟಿದಿರೋ, ಅಲೆ ಸತ್ತು ಬೂದು ರಾಡಿ.

ಆಗ ಬಂದವು ಕುದುರೆಗಳು.

ಇಲ್ಲಿಯ ಸಿಗಡಿಗಾರರಿಗೆ ದೋಣಿ ಬೇಡ.
ಎದೆಮಟ್ಟ ನೀರಿಗೆ ಕುದುರೆ ಇಳಿಸಿ, ಹಿಂದೆ ಬಲೆ ಕಟ್ಟಿ
ದಡದುದ್ದಕ್ಕೆ ಸಮುದ್ರ ಉಳುತ್ತಾರೆ.
ಹಳದಿ ಎಣ್ಣೆಬಟ್ಟೆಯ ಅಂಗಿ, ಎರಡು ಮಗ್ಗುಲಿಗೆ ಬುಟ್ಟಿ.
ಮೂವರಿದ್ದರು. ಇಬ್ಬರನ್ನು ಮಂಜು ತೆಗೆದುಕೊಂಡಿತು.
ಉಳಿದೊಬ್ಬನಿಗೆ ನನ್ನಲ್ಲಿದ್ದದ್ದು ಒಂದು ಉಸಿರಿನ ಹೊತ್ತು:
ಕುದುರೆಗೆ ನಾಲ್ಕು ಗೀಟು, ಅವನಿಗೊಂದು ಹಳದಿ ಚುಕ್ಕೆ.
ಯೋಚನೆ ಬರುವ ಮೊದಲೇ ಕೈ ಎತ್ತಿಯಾಗಿತ್ತು.

ಬಲೆ ಸುರುವಿ, ಜರಡಿ ಹಿಡಿದು,
ಏಡಿಮರಿಗಳನ್ನು ನೀರಿಗೆ ವಾಪಸು ಎಸೆದು
ಒದ್ದೆ ಬೂಟು ಎಳೆಯುತ್ತ ನನ್ನತ್ತ ಬಂದ ಸೆರಾಫೀನ್.
"ಇದು ನಾನಾ?"
"ಹೂಂ."
"ಮುಖ ಎಲ್ಲಿ?"
"ಅಷ್ಟು ದೂರಕ್ಕೆ ನಿನಗೆ ಮುಖ ಇರಲಿಲ್ಲ."
ನಕ್ಕ. ಹೆಂಡತಿ ಹತ್ತಿರದಿಂದಲೇ ಹಾಗನ್ನುತ್ತಾಳಂತೆ.
ಆಮೇಲೆ ಬಗ್ಗಿದ. ಉಪ್ಪು ಕಟ್ಟಿದ ಬೆರಳು
ಹಸಿಬಣ್ಣಕ್ಕೆ ಕೂದಲೆಳೆ ದೂರದಲ್ಲಿ ನಿಂತಿತು,
ಹಿಂದಿನ ಎಡಗಾಲಿನ ಗೀಟಿನ ಮುಂದೆ.
"ಇವಳು ಕುಂಟುವುದು ನಿಮಗೆ ಹೇಗೆ ಗೊತ್ತಾಯಿತು?
ನಾನು ಯಾರಿಗೂ ಹೇಳಿಲ್ಲ."

ನನಗೂ ಗೊತ್ತಿರಲಿಲ್ಲ.
ಗಾಳಿ ಮೊಣಕೈ ತಳ್ಳಿತೆಂದುಕೊಂಡಿದ್ದೆ.
ಉಳಿದ ಮೂರಕ್ಕಿಂತ ಅದು ಗಿಡ್ಡ, ತುದಿಯಲ್ಲೊಂದು ತಿರುವು;
ಸಂಜೆ ಮನೆಯಲ್ಲಿ ನೆಟ್ಟಗೆ ಮಾಡಬೇಕೆಂದು
ಮನಸ್ಸಲ್ಲೇ ಗುರುತು ಹಾಕಿಟ್ಟಿದ್ದೆ.

ಮಿನಾ ಅಲ್ಲೇ ನಿಂತಿದ್ದಳು, ಅಗಲ ಬೆನ್ನಿಂದ ಹಬೆಯೇಳುತ್ತ.
ಹದಿನಾರು ಚಳಿಗಾಲ ನೀರಲ್ಲಿ ನಡೆದವಳು.
ಕುಂಟುವ ಕುದುರೆಯನ್ನು ಕೊಳ್ಳುವವನು ಈ ಊರಿಗೆ ಒಬ್ಬನೇ,
ಅವನ ಅಂಗಡಿಯಲ್ಲಿ ಕೊಕ್ಕೆಗಳಿವೆ.

"ಇದನ್ನು ಯಾರಿಗೆ ತೋರಿಸುತ್ತೀರಿ?"
"ಪಟ್ಟಣದವರಿಗೆ. ಅಕ್ಟೋಬರಿನಲ್ಲಿ ಪ್ರದರ್ಶನ."
"ಕುದುರೆ ಬಲ್ಲವರು ಬರುತ್ತಾರಾ?"
"ಇಲ್ಲ."
"ಹಾಗಾದರೆ ಇರಲಿ."
ಎಣ್ಣೆ ಡಬ್ಬಿಯ ಪಕ್ಕ ಒಂದು ಬೊಗಸೆ ಸಿಗಡಿ ಸುರಿದು ಹೊರಟ;
ಮೇಲೆ ಹತ್ತಲಿಲ್ಲ, ಬುಟ್ಟಿಗಳನ್ನೂ ತಾನೇ ಹೊತ್ತು
ಅವಳ ಎಡಗಡೆಗೆ ನಡೆದ, ಹಳ್ಳಿಯ ಕಣ್ಣಿಗೂ ಆ ಕಾಲಿಗೂ ನಡುವೆ.

ಉಬ್ಬರ ಬಂತು. ಪೆಟ್ಟಿಗೆ ಮುಚ್ಚುವಾಗ ನೋಡಿದೆ:
ಆಕಾಶದ ಮೂಲೆಯಲ್ಲಿ ಅಂಟಿಕೊಂಡ ನೊಣ,
ನೊರೆಯ ತುಂಬ ಮರಳು.
ನೊಣವನ್ನು ಚೂರಿಯ ತುದಿಯಲ್ಲಿ ಎತ್ತಿದೆ.
ಮರಳನ್ನು ಬಿಟ್ಟೆ.
ಗಿಡ್ಡ ಗೀಟಿನ ಹತ್ತಿರ ಕುಂಚ ಒಯ್ದು, ವಾಪಸು ತಂದು
ಬಟ್ಟೆಗೆ ಒರೆಸಿದೆ. ಎರಡು ಸಲ.

ರಾತ್ರಿ ಸಿಗಡಿ ಸುಲಿಯುತ್ತ ತಂಗಿ ಕೇಳಿದಳು:
"ಮುಗಿಯಿತಾ ಚಿತ್ರ?"
ಗೊತ್ತಿಲ್ಲ ಅಂದೆ. ಇನ್ನೂ ಒಣಗಿಲ್ಲ.